ಘಟ್ಟ ಹತ್ತುವ ಮುಂಚೆ ಒಂದು ದಿನ

"ಭಾನುವಾರ ಮಧ್ಯಾಹ್ನ ನೀರಿನಿಂದ ಮೇಲೆ ಬಂದು, ಊಟ ಮಾಡಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟುಬಿಡ್ತೀವಿ" ಎಂದು ನಾನು ಫೋನಿನಲ್ಲಿ ಹೇಳಿದೆ. ಆ ಕಡೆ ಇದ್ದವನು ಮುರುಡೇಶ್ವರದಲ್ಲಿ ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲಿನೊಳಗೆ ಇಳಿಯುವುದನ್ನು ಕಲಿಸುವ ಹುಡುಗ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಮೇಡಂ, ಬೆಂಗಳೂರು ಸಮುದ್ರದಿಂದ ಎಷ್ಟು ಎತ್ತರದಲ್ಲಿ ಉಂಟು, ಗೊತ್ತುಂಟಾ?"

ಗೊತ್ತಿತ್ತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ನಾನು ಹೇಳಿಕೊಡುವ ಪಾಠವೇ ಅದು. ಸುಮಾರು 920 ಮೀಟರ್. ಆದರೆ ಆ ಎತ್ತರಕ್ಕೂ ಕಡಲಲ್ಲಿ ಮುಳುಗುವುದಕ್ಕೂ ಸಂಬಂಧ ಇದೆ ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಆ ಒಂದು ಪ್ರಶ್ನೆಯಿಂದ ನಾವು ಹಾಕಿಕೊಂಡಿದ್ದ ಪ್ರವಾಸದ ಲೆಕ್ಕ ಪೂರ್ತಿ ತಲೆಕೆಳಗಾಯಿತು. ಬೆಂಗಳೂರಿನಿಂದ ಕರಾವಳಿಗೆ ಡೈವಿಂಗ್‌ಗೆ ಹೋಗುವ ಎಷ್ಟೋ ಜನ ನಾನು ಮೊದಲು ಹಾಕಿದ ಲೆಕ್ಕವನ್ನೇ ಹಾಕುತ್ತಾರೆ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಸುತ್ತಾಟ, ಭಾನುವಾರ ಡೈವ್, ಅವತ್ತೇ ರಾತ್ರಿ ವಾಪಸ್, ಸೋಮವಾರ ಕೆಲಸ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾದದ್ದು ಮಗಳಿಂದ. ಅವಳಿಗೆ 14 ವರ್ಷ. ಪುನೀತ್ ರಾಜ್‌ಕುಮಾರ್ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದದ್ದನ್ನು ತೆರೆಯ ಮೇಲೆ ನೋಡಿ ಬಂದ ದಿನದಿಂದ ಅವಳದು ಒಂದೇ ಮಾತು. "ಅಮ್ಮ, ನಾವೂ ಹೋಗೋಣ." ಹುಟ್ಟಿದ್ದು ಬೆಂಗಳೂರಿನ ವಿಜಯನಗರದಲ್ಲಿ, ಬೆಳೆದದ್ದು ವಿಜಯನಗರದಲ್ಲಿ. ಕಡಲು ಅಂದರೆ ಮರವಂತೆಯಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿದ್ದು ಅಷ್ಟೇ. ಅವಳ ಆಸೆ ನನಗೂ ಅಂಟಿಕೊಂಡಿತು. ನಮ್ಮದೇ ರಾಜ್ಯದಲ್ಲಿ 300 ಕಿಲೋಮೀಟರಿನಷ್ಟು ಕಡಲ ತೀರ ಇದೆ. ಅದರ ಕೆಳಗೆ ಏನಿದೆ ಅಂತ ನಾನೂ ನೋಡಿಲ್ಲವಲ್ಲ ಅನ್ನಿಸಿತು.

ಆದರೂ ಮೊದಲು ಮನಸ್ಸು ಹೋದದ್ದು ಅಂಡಮಾನಿಗೆ. ಅಲ್ಲಿನ ನೀರು ಇನ್ನೂ ತಿಳಿ, ಹವಳದ ದಿಬ್ಬಗಳು ಇನ್ನೂ ದೊಡ್ಡವು. ಅದರಲ್ಲಿ ಎರಡು ಮಾತಿಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಶ್ರೀ ವಿಜಯಪುರಂಗೆ, ಅಂದರೆ ಹಿಂದಿನ ಪೋರ್ಟ್ ಬ್ಲೇರ್‌ಗೆ ಇಳಿಯಬೇಕು. ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ. ಹ್ಯಾವ್‌ಲಾಕ್ ಅಂತ ಕೇಳಿರುತ್ತೀರಲ್ಲ, ಅದೇ. ನಾಲ್ಕು ಜನ, ಕಡಿಮೆ ಅಂದರೂ ಆರು ದಿನ. ಲೆಕ್ಕ ಹಾಕಿ ಮನೆಯವರ ಮುಂದೆ ಇಟ್ಟೆ. ಅವರು ಎರಡು ಸಲ ನೋಡಿ, "ಇನ್ನೆರಡು ವರ್ಷ ಬಿಟ್ಟು ಹೋಗೋಣ" ಎಂದರು. ಲಕ್ಷದ್ವೀಪಕ್ಕೆ ಹೋಗಲು ಮೊದಲೇ ಪರ್ಮಿಟ್ ಬೇಕು. ಅದನ್ನೂ ಪಕ್ಕಕ್ಕಿಟ್ಟೆವು.

ಆಗ ನಮ್ಮಮ್ಮ ಹೇಳಿದರು: "ಅಷ್ಟು ದೂರ ಯಾಕೆ? ಇಡಗುಂಜಿ ಗಣಪತಿ ನೋಡಿ ಹತ್ತು ವರ್ಷ ಆಯ್ತು. ಕೊಲ್ಲೂರಿಗೂ ಒಂದು ಹರಕೆ ಬಾಕಿ ಇದೆ. ನೀವು ಎಲ್ಲಿ ಬೇಕಾದ್ರೂ ಮುಳುಗಿ, ನನ್ನನ್ನ ಆ ಕಡೆ ಕರ್ಕೊಂಡು ಹೋಗಿ." ಅಮ್ಮನಿಗೆ 69. ನಾಲ್ಕೇ ವಾಕ್ಯದಲ್ಲಿ ಜಾಗ ಗೊತ್ತು ಮಾಡಿಕೊಟ್ಟರು. ನೇತ್ರಾಣಿ, ಇಡಗುಂಜಿ, ಕೊಲ್ಲೂರು. ಮೂರಕ್ಕೂ ನಡುವೆ ಮುರುಡೇಶ್ವರ.

ನೇತ್ರಾಣಿ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಸಣ್ಣ ದ್ವೀಪ. ಪಾರಿವಾಳ ದ್ವೀಪ ಅಂತಲೂ ಹೇಳುತ್ತಾರೆ. ಮೇಲಿನಿಂದ ತೆಗೆದ ಫೋಟೋ ನೋಡಿದರೆ ಹೃದಯದ ಆಕಾರ. ಜನವಸತಿ ಇಲ್ಲ. ಕಡಿದಾದ ಬಂಡೆ, ಮೇಲೆ ಕಾಡು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಇದೆ, ಅದರ ವಿರುದ್ಧ ದನಿ ಎದ್ದದ್ದೂ ಇದೆ. ದ್ವೀಪದ ಸುತ್ತ, ಬಂಡೆಗಳ ಮೇಲೆ ಹವಳ ಬೆಳೆದಿದೆ. ಹವಳ ಇದ್ದಲ್ಲಿ ಮೀನು. ಅಕ್ಟೋಬರಿನಿಂದ ಮೇವರೆಗೆ ಡೈವಿಂಗ್ ನಡೆಯುತ್ತದೆ. ಮಳೆಗಾಲದಲ್ಲಿ ಕಡಲು ಏಳುವುದರಿಂದ ಪೂರ್ತಿ ಬಂದ್. ನೀರು ಚೆನ್ನಾಗಿ ತಿಳಿಯಾಗುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ.

ಮತ್ತೆ ಆ ಫೋನಿಗೆ ಬರುತ್ತೇನೆ.

ಹುಡುಗ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಡಲಿನಲ್ಲಿ ಪ್ರತಿ 10 ಮೀಟರ್ ಕೆಳಗೆ ಹೋದರೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ ಆಗುತ್ತದೆ. 10 ಮೀಟರಿನಲ್ಲಿ ಒತ್ತಡ ನೆಲದ ಮೇಲಿನದಕ್ಕಿಂತ ಎರಡರಷ್ಟು. ಆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ನೈಟ್ರೋಜನ್ ಹೆಚ್ಚು ಹೆಚ್ಚಾಗಿ ನಮ್ಮ ರಕ್ತದಲ್ಲಿ, ಮೈಯಲ್ಲಿ ಕರಗಿ ಸೇರುತ್ತದೆ. ಮೇಲೆ ಬಂದ ಮೇಲೆ ಅದು ಒಂದೇ ಸಲಕ್ಕೆ ಹೋಗುವುದಿಲ್ಲ. ಗಂಟೆಗಟ್ಟಲೆ ಸಮಯ ತಗೊಂಡು, ಉಸಿರಿನ ಜೊತೆ ನಿಧಾನವಾಗಿ ಹೊರಗೆ ಹೋಗುತ್ತದೆ. ಅಷ್ಟರೊಳಗೆ ನಾವು ಗಾಳಿಯ ಒತ್ತಡ ಇನ್ನೂ ಕಡಿಮೆ ಇರುವ ಕಡೆ ಹೋದರೆ ಕಷ್ಟ. ಗೋಲಿ ಸೋಡಾದಲ್ಲಿ ಗೋಲಿ ಒತ್ತಿದ ತಕ್ಷಣ ಗುಳ್ಳೆ ಏಳುತ್ತದಲ್ಲ, ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಕೀಲು ನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೂ ಹೋಗಬಹುದಾದ ತೊಂದರೆ ಅದು.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅನ್ನುವುದನ್ನು ಬಹಳ ಜನ ಕೇಳಿರುತ್ತಾರೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆ ಹೀಗಿದೆ: ಒಂದೇ ಸಲ ಸಾಧಾರಣ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು. ಒಂದಕ್ಕಿಂತ ಜಾಸ್ತಿ ಸಲ ಇಳಿದಿದ್ದರೆ ಕನಿಷ್ಠ 18 ಗಂಟೆ. ನನ್ನ ಕಣ್ಣು ತೆರೆಸಿದ್ದು ಅದರ ಮುಂದಿನ ಸಾಲು. ಈ ಸಲಹೆ ಅನ್ವಯಿಸುವುದು ಸುಮಾರು 600 ಮೀಟರಿನಿಂದ 2,400 ಮೀಟರ್ ಎತ್ತರಕ್ಕೆ. ವಿಮಾನದೊಳಗಿನ ಗಾಳಿಯ ಒತ್ತಡ ಆ ಎತ್ತರಕ್ಕೆ ಸಮ ಇರುತ್ತದೆ, ಅದಕ್ಕೆ. ನಮ್ಮ ಬೆಂಗಳೂರು 920 ಮೀಟರ್. ಸಕಲೇಶಪುರ 900 ಮೀಟರಿಗೂ ಮೇಲೆ. ಅಂದರೆ ಕಡಲಿನಿಂದ ಎದ್ದು ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತಿ ಬೆಂಗಳೂರಿಗೆ ಬರುವುದು ಕೂಡ, ಮೈಯ ಲೆಕ್ಕದಲ್ಲಿ, ವಿಮಾನ ಹತ್ತಿದ ಹಾಗೇ. ಮುಂಬೈಯವರಿಗೆ, ಮಂಗಳೂರಿನವರಿಗೆ ರಸ್ತೆಯಲ್ಲಿ ಮನೆಗೆ ಹೋಗಲು ಈ ಚಿಂತೆ ಇಲ್ಲ. ಬೆಂಗಳೂರಿನವರಿಗೆ ಇದೆ. ನಾವು ಮನೆ ಕಟ್ಟಿಕೊಂಡಿರುವುದೇ ಗುಡ್ಡದ ಮೇಲೆ.

"ಹಾಗಾದ್ರೆ ಶನಿವಾರ ಡೈವ್ ಮಾಡಿ, ಭಾನುವಾರ ಜೋಗ ನೋಡ್ಕೊಂಡು ಹೋಗ್ತೀವಿ" ಎಂದೆ. ಅವನು ನಕ್ಕ. "ಜೋಗವೂ ಘಟ್ಟದ ಮೇಲೇ ಅಲ್ವಾ ಮೇಡಂ." ಹೌದಲ್ಲ! ಹೊನ್ನಾವರದಿಂದ ಗೇರುಸೊಪ್ಪೆ ಘಾಟಿ ಹತ್ತಿಯೇ ಜೋಗಕ್ಕೆ ಹೋಗಬೇಕು. ಪಟ್ಟಿಯಿಂದ ಜೋಗವನ್ನು ಅವತ್ತೇ ತೆಗೆದುಹಾಕಿದೆ.

ಅವನಿಗೂ ಮುಂಚೆ ಇನ್ನೊಂದು ಕಡೆ ವಿಚಾರಿಸಿದ್ದೆ. ಅಲ್ಲಿ ಯಾವ ಪ್ರಶ್ನೆಯೂ ಕೇಳಲಿಲ್ಲ. "ಏನೂ ಆಗಲ್ಲ, ಎಲ್ಲರೂ ಹಾಗೇ ಹೋಗ್ತಾರೆ, ಅಡ್ವಾನ್ಸ್ ಹಾಕಿ" ಎಂದರು. ಎಷ್ಟು ಜನ ಹಾಗೇ ಹೋಗಿ ಆಮೇಲೆ ಮೈಕೈ ನೋವು, ಸುಸ್ತು ಅಂತ ಮಾತ್ರೆ ನುಂಗಿ ಸುಮ್ಮನಾಗಿದ್ದಾರೋ ಅಂತ ಯೋಚಿಸಿದರೆ ಈಗಲೂ ಕೋಪ ಬರುತ್ತದೆ. ಗಿರಾಕಿ ಕೇಳದಿದ್ದರೂ "ಯಾವಾಗ ವಾಪಸ್ ಹೋಗ್ತೀರಿ" ಎಂದು ತಾನಾಗಿ ಕೇಳುವವನೇ ಸರಿಯಾದ ಗುರು. ದರದಲ್ಲಿ ಎರಡು ಕಡೆಗೂ ಅಂಥ ವ್ಯತ್ಯಾಸ ಏನೂ ಇರಲಿಲ್ಲ.

ಹೀಗೆ ಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಬರೆದೆ. ಮಂಗಳವಾರ ಬೆಳಿಗ್ಗೆ ಬೆಂಗಳೂರು. ಅದಕ್ಕೆ ಸೋಮವಾರ ಸಂಜೆ ರೈಲು. ಸೋಮವಾರ ಹಗಲು ಕೊಲ್ಲೂರು. ಕೊಲ್ಲೂರು ಘಟ್ಟದ ಬುಡದಲ್ಲಿದೆ, ಹತ್ತಬೇಕಾಗಿಲ್ಲ. ಭಾನುವಾರ ಏನೂ ಇಲ್ಲ, ಖಾಲಿ. ಶನಿವಾರ ಡೈವ್. ಶುಕ್ರವಾರ ಬೆಳಿಗ್ಗೆ ಇಳಿಯುವುದು, ವಿಶ್ರಾಂತಿ, ಮುರುಡೇಶ್ವರ. ಭಾನುವಾರವನ್ನು ಯಾಕೆ ಖಾಲಿ ಬಿಟ್ಟೆ ಅಂತ ಮನೆಯವರು ಕೇಳಿದರು. ಕಡಲು ನಮ್ಮ ಕ್ಯಾಲೆಂಡರ್ ನೋಡುವುದಿಲ್ಲವಲ್ಲ, ಒಂದು ದಿನ ಕೈಯಲ್ಲಿರಲಿ ಎಂದೆ. ಇಡಗುಂಜಿಯನ್ನು ಬೇಕೆಂದೇ ದಿನ ಗೊತ್ತು ಮಾಡದೆ ಬಿಟ್ಟೆ.

ತಾರೀಖು ಆರಿಸಿದವರು ಅಮ್ಮ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು, ನೀರಿನ ಸೆಳೆತವೂ ಜಾಸ್ತಿ, ಸಾಧ್ಯವಾದರೆ ಅದನ್ನು ತಪ್ಪಿಸಿ ಬನ್ನಿ ಎಂದು ಹುಡುಗ ಹೇಳಿದ್ದ. ಅಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಕನ್ನಡಕ ಹಾಕಿಕೊಂಡು, ಫೆಬ್ರವರಿಯ ಒಂದು ಅಷ್ಟಮಿಯ ಹತ್ತಿರದ ವಾರವನ್ನು ತೋರಿಸಿದರು. "ಅಷ್ಟಮಿ ದಿನ ಹೊರಡೋದು ಬೇಡ. ಹಿಂದಿನ ದಿನ ಹೊರಡಿ" ಅಂತ ಅದಕ್ಕೂ ಒಂದು ದಾರಿ ಹೇಳಿದರು. ಡಿಸೆಂಬರ್, ಜನವರಿಯಲ್ಲಿ ಹೋಗದಿರಲು ಇನ್ನೊಂದು ಕಾರಣವಿತ್ತು. ಆಗ ಮುರುಡೇಶ್ವರದಲ್ಲಿ ಅಯ್ಯಪ್ಪ ಮಾಲೆ ಹಾಕಿದವರ ಬಸ್ಸುಗಳು, ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ನಾನೇ ಎರಡು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ್ದೇನೆ.

ರೈಲು ಪಂಚಗಂಗಾ. ಸಂಜೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಮುರುಡೇಶ್ವರ. ಟಿಕೆಟ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ. 2024ರ ನವೆಂಬರಿಗೆ ಮೊದಲು 120 ದಿನ ಇತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಬೆಳಿಗ್ಗೆ ಎಂಟಕ್ಕೆ ಮೊಬೈಲ್ ಹಿಡಿದು ಕೂತೆ. ಅಮ್ಮನಿಗೆ ಕೆಳಗಿನ ಬರ್ತ್ ಸಿಕ್ಕಿತು. ಅಲ್ಲಿಗೆ ಅರ್ಧ ನೆಮ್ಮದಿ.

ಇನ್ನು ಮೈಯ ತಯಾರಿ. ಡೈವಿಂಗ್ ಮುಂಚೆ ಎಲ್ಲರೂ ಆರೋಗ್ಯದ ಒಂದು ಫಾರಂ ತುಂಬಬೇಕು. ಹೃದಯ, ಉಬ್ಬಸ, ಕಿವಿ, ಸೈನಸ್, ಮೂರ್ಛೆ, ಸಕ್ಕರೆ ಕಾಯಿಲೆ, ಆಪರೇಷನ್, ಎಲ್ಲದರ ಬಗ್ಗೆ ಪ್ರಶ್ನೆ ಇರುತ್ತದೆ. ಕೆಲವಕ್ಕೆ ಹೌದು ಎಂದರೆ ಡಾಕ್ಟರ ಸಹಿ ಬೇಕೇ ಬೇಕು. ಬಹಳ ಜನ ಇದನ್ನು ದೋಣಿ ಹತ್ತುವಾಗ ಮರಳಿನ ಮೇಲೆ ನಿಂತು, ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಟಿಕ್ ಹಾಕಿ ಕೊಟ್ಟುಬಿಡುತ್ತಾರೆ. ನಾನು ಆ ಫಾರಂ ಅನ್ನು ಎರಡು ತಿಂಗಳ ಮೊದಲೇ ತರಿಸಿಕೊಂಡೆ. ಮನೆಯವರಿಗೆ ಬಿಪಿ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ನನಗೆ ಚಿಕ್ಕವಳಿದ್ದಾಗ ಕಿವಿ ಸೋರುತ್ತಿತ್ತು. ಇಬ್ಬರದೂ "ಹೌದು".

ಕಿವಿ ಮೂಗು ಗಂಟಲಿನ ಡಾಕ್ಟರು ನನ್ನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ತಮಟೆಯಲ್ಲಿ ತೂತು ಇದ್ದರೆ ಡೈವ್ ಮಾತೇ ಬೇಡ ಎಂದರು. ಕಿವಿಯೊತ್ತಡದ ಒಂದು ಪರೀಕ್ಷೆಯನ್ನೂ ಮಾಡಿಸಿದರು. ಆ ಇಪ್ಪತ್ತು ನಿಮಿಷ ನನಗೆ ಎಷ್ಟು ಉದ್ದವಾಗಿತ್ತು ಎಂದು ಹೇಳಲಾರೆ. ಎಲ್ಲ ಸರಿ ಇತ್ತು. ಸಹಿ ಹಾಕಿ ಕೊಟ್ಟು ಒಂದು ಮಾತು ಹೇಳಿದರು: "ಅವತ್ತು ನೆಗಡಿ ಇದ್ರೆ ಇಳಿಯಬೇಡಿ. ಮಾತ್ರೆ ನುಂಗಿ ಇಳಿಯೋದಂತೂ ಬೇಡ." ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡವನ್ನು ಸರಿ ಮಾಡಿಕೊಳ್ಳಲು ಆಗುವುದಿಲ್ಲ. ಮಾತ್ರೆಯ ಗುಣ ನೀರಿನೊಳಗೇ ಇಳಿದುಹೋದರೆ ಮೇಲೆ ಬರುವಾಗ ತೊಂದರೆ. ಮನೆಯವರ ಬಿಪಿ ಹತೋಟಿಯಲ್ಲಿದೆ ಎಂದು ಅವರ ಡಾಕ್ಟರೂ ಬರೆದುಕೊಟ್ಟರು. ಆದರೂ ಅವರು ಯೋಚನೆ ಮಾಡಿ, "ನಾನು ಕೆಳಗೆ ಮುಳುಗಲ್ಲ, ಲೈಫ್ ಜಾಕೆಟ್ ಹಾಕ್ಕೊಂಡು ನೀರಿನ ಮೇಲೆ ತೇಲ್ತಾ ನೋಡ್ತೀನಿ" ಎಂದರು. ಅದನ್ನು ಸ್ನಾರ್ಕ್ಲಿಂಗ್ ಅನ್ನುತ್ತಾರೆ. ನಾನು ಒತ್ತಾಯ ಮಾಡಲಿಲ್ಲ. ಮನಸ್ಸಿಲ್ಲದವರನ್ನು ನೀರಿಗೆ ಎಳೆಯಬಾರದು.

ಹೊಸಬರಿಗೆ ಇರುವ ದಾರಿ ಎರಡು. ಒಂದು, ಯಾವ ಸರ್ಟಿಫಿಕೇಟೂ ಇಲ್ಲದೆ ಗುರುವಿನ ಕೈ ಹಿಡಿದು ಒಂದೆರಡು ಸಲ ಇಳಿಯುವುದು. ಅದಕ್ಕೆ 12 ಮೀಟರ್ ಆಳದ ಮಿತಿ. ಇನ್ನೊಂದು, ಓಪನ್ ವಾಟರ್ ಕೋರ್ಸ್. ಪಾಠ, ಈಜುಕೊಳದ ತರಬೇತಿ, ಕಡಲಿನಲ್ಲಿ ನಾಲ್ಕು ಡೈವ್. ಮುಗಿಸಿದರೆ 18 ಮೀಟರ್‌ವರೆಗೆ ಹೋಗಬಹುದು, ಸರ್ಟಿಫಿಕೇಟು ಪ್ರಪಂಚದ ಎಲ್ಲ ಕಡೆ ನಡೆಯುತ್ತದೆ. ಇದಕ್ಕೆ 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ತೇಲಬೇಕು. ಮಗಳಿಗೆ ಕೋರ್ಸೇ ಬೇಕಿತ್ತು. ವಯಸ್ಸು 10 ದಾಟಿದ್ದರೆ ಸಾಕು, ಅವಳು ಮಾಡಬಹುದಿತ್ತು. ಆದರೆ ಮೊದಲು ಒಮ್ಮೆ ನೀರಿನೊಳಗೆ ಹೋಗಿ ನೋಡಲಿ, ಇಷ್ಟವಾದರೆ ಕೋರ್ಸು ಆಮೇಲೆ, ಎಂದು ತೀರ್ಮಾನ ಮಾಡಿದೆವು. ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಬೆಂಗಳೂರಿನಲ್ಲೇ ಈಜುಕೊಳದಲ್ಲಿ ಸ್ಕೂಬಾ ಹೇಳಿಕೊಡುವವರಿದ್ದಾರೆ. ಕಡಲಿಗೆ ಹೋಗುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಆ ಎರಡು ಗಂಟೆಗೆ ಕೊಟ್ಟ ದುಡ್ಡು ಈ ಇಡೀ ಪ್ರವಾಸದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಖರ್ಚು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡು ನೀರಿನೊಳಗೆ ಮೊದಲ ಉಸಿರು ಎಳೆಯುವಾಗ ಮೈಯೆಲ್ಲ ಬೇಡ ಬೇಡ ಅನ್ನುತ್ತದೆ. ಹುಟ್ಟಿದಾಗಿನಿಂದ ನೀರಿನಲ್ಲಿ ಉಸಿರು ಬಿಗಿ ಹಿಡಿದೇ ಅಭ್ಯಾಸ. ಇಲ್ಲಿ ಅದಕ್ಕೆ ಉಲ್ಟಾ. ಉಸಿರು ಹಿಡಿಯಲೇಬಾರದು. ಕೆಳಗೆ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಹಿಗ್ಗುತ್ತದೆ. 10 ಮೀಟರಿನ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಉಸಿರು ಬಿಗಿ ಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೇ ಪೆಟ್ಟು. ಮೂರಡಿ ನೀರಿನಲ್ಲಿ ಮಂಡಿಯೂರಿ ಕೂತು ನಾನು ಇದನ್ನು ಅರ್ಧ ಗಂಟೆ ಅಭ್ಯಾಸ ಮಾಡಿದೆ. ಮಗಳಿಗೆ ಐದು ನಿಮಿಷ ಸಾಕಾಯಿತು.

ಕಿವಿಯದೂ ಅಲ್ಲೇ ಕಲಿತೆವು. ಚಾರ್ಮಾಡಿ ಇಳಿಯುವಾಗ ಕಿವಿ ಗಂ ಅನ್ನುತ್ತದಲ್ಲ, ಅದೇ ಇಲ್ಲಿ ಹತ್ತು ಪಟ್ಟು. ಮೂಗು ಹಿಡಿದು ಮೆಲ್ಲಗೆ ಊದಬೇಕು. ನೋವು ಬರುವ ಮುಂಚೆಯೇ ಊದಬೇಕು, ಬಂದ ಮೇಲೆ ಅಲ್ಲ. ಜೋರಾಗಿ ಊದಬಾರದು. ಆಗದಿದ್ದರೆ ಒಂದೆರಡು ಅಡಿ ಮೇಲೆ ಬಂದು ಮತ್ತೆ ಊದಬೇಕು. ಕೈಸನ್ನೆಯೂ ಕಲಿತೆವು. ಹೆಬ್ಬೆರಳು ಮೇಲೆತ್ತಿದರೆ ನೆಲದ ಮೇಲೆ "ಚೆನ್ನಾಗಿದೆ" ಅಂತ ಅರ್ಥ. ನೀರಿನಲ್ಲಿ "ಮೇಲೆ ಹೋಗೋಣ" ಅಂತ. ಈ ಒಂದನ್ನು ಮರೆತು ಎಷ್ಟೋ ಜನ ಖುಷಿಯಲ್ಲಿ ಹೆಬ್ಬೆರಳು ತೋರಿಸಿ, ಗುರು ಅವರನ್ನು ಮೇಲೆ ಕರೆದುಕೊಂಡು ಬಂದುಬಿಡುತ್ತಾರಂತೆ.

ನನಗೆ ಕನ್ನಡಕ ಇದೆ. ಮಾಸ್ಕಿನೊಳಗೆ ಕನ್ನಡಕ ಹಾಕಲು ಆಗುವುದಿಲ್ಲ. ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೊದಲೇ ಹೇಳಿಟ್ಟರೆ ಅವರೇ ತಂದಿಡುತ್ತಾರೆ. ಮಾಸ್ಕ್ ನೋಡುವುದು ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದರೆ ಅದು ಬೀಳದೆ ಅಂಟಿಕೊಂಡಿರಬೇಕು. ಮೀಸೆ ಇದ್ದರೆ ಮೂಗಿನ ಕೆಳಗೆ ಸಂದಿ ಬಿಟ್ಟು ನೀರು ನುಗ್ಗುತ್ತದೆ. ನಮ್ಮ ಮನೆಯವರು ಇಪ್ಪತ್ತು ವರ್ಷದ ಮೀಸೆಯ ಮೇಲಂಚನ್ನು ಕತ್ತರಿಸಿಕೊಂಡರು. ಮಗಳಿಗೋಸ್ಕರ.

ಗುರುವಿಗೆ ಫೋನ್ ಮಾಡಿ ಕೇಳಿದ ಉಳಿದ ಪ್ರಶ್ನೆಗಳು: ಒಬ್ಬ ಗುರುವಿಗೆ ನೀರಿನಲ್ಲಿ ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯಾ? ಗಾಳಿ ಜೋರಿದ್ದರೆ ದೋಣಿ ಬಿಡದಿರುವ ತೀರ್ಮಾನ ಯಾರದು, ದುಡ್ಡು ವಾಪಸ್ ಬರುತ್ತಾ, ದಿನ ಬದಲಾಗುತ್ತಾ? ಮೊದಲ ಸಲದವರಿಗೆ ಒಬ್ಬರಿಗೆ ಒಬ್ಬರು ಎಂದ. ಕಿಟ್ ಇದೆ ಎಂದ. ದಿನ ಬದಲಾಯಿಸಿಕೊಡುತ್ತೇವೆ ಎಂದ. ನಮ್ಮ ಆರೋಗ್ಯ ವಿಮೆಯ ಕಾಗದ ತೆಗೆದು ನೋಡಿದೆ. ಸಾಹಸ ಕ್ರೀಡೆಗೆ ಅನ್ವಯಿಸುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪ್ರವಾಸಕ್ಕೆ ಬೇರೆ ವಿಮೆ ಮಾಡಿಸಿದೆ.

ಗುರುವಾರ ಸಂಜೆ ಹೊರಟು ಶುಕ್ರವಾರ ಬೆಳಿಗ್ಗೆ ಮುರುಡೇಶ್ವರದಲ್ಲಿ ಇಳಿದೆವು. ಅವತ್ತು ಹೇಳುವಂಥದ್ದು ಕಡಿಮೆ. ಬನ್ಸ್ ತಿಂದೆವು, ಮಲಗಿದೆವು, ಸಂಜೆ ದೇವರ ದರ್ಶನ ಮಾಡಿ 20 ಅಂತಸ್ತಿನ ಗೋಪುರದ ಲಿಫ್ಟ್ ಹತ್ತಿದೆವು. ಮೇಲಿನಿಂದ 123 ಅಡಿಯ ಶಿವನ ಹೆಗಲು ಕಾಣುತ್ತದೆ, ಮೂರು ಕಡೆ ನೀರು. ಮಗಳು ಶಿವನನ್ನು ನೋಡಲೇ ಇಲ್ಲ. ದಿಗಂತದ ಕಡೆ ಕಣ್ಣು ನೆಟ್ಟು "ನೇತ್ರಾಣಿ ಎಲ್ಲಿ" ಎನ್ನುತ್ತಿದ್ದಳು.

ಶನಿವಾರ ಬೆಳಿಗ್ಗೆ ಆರಕ್ಕೆ ಫೋನು. "ಮೇಡಂ, ಇವತ್ತು ಗಾಳಿ ಉಂಟು. ದೋಣಿ ಬಿಡುದಿಲ್ಲ." ಮಗಳು ಹಾಸಿಗೆಯ ಮೇಲೆ ಕೂತು ಅತ್ತಳು. ಪಕ್ಕದ ಕೋಣೆಯಲ್ಲಿ ಬೆಂಗಳೂರಿನವರೇ ಇನ್ನೊಂದು ಕುಟುಂಬ ಇತ್ತು. ಅವರದು ಅವತ್ತು ರಾತ್ರಿ ವಾಪಸ್ ಬಸ್ಸು. ಅವರು ನೇತ್ರಾಣಿ ನೋಡದೆ ಹೋದರು. ನಮಗೆ ಭಾನುವಾರ ಇತ್ತು. ಖಾಲಿ ಬಿಟ್ಟ ಆ ಒಂದು ದಿನ ಎಷ್ಟು ಬೆಲೆಯದು ಎಂದು ಆಗ ಗೊತ್ತಾಯಿತು.

ದಿನಗಳು ಅದಲುಬದಲಾದವು. ಆಟೋ ಮಾಡಿಕೊಂಡು ಇಡಗುಂಜಿಗೆ ಹೋದೆವು. ಎರಡೇ ಕೈಯ, ನಿಂತ ಗಣಪತಿ. ಅಮ್ಮ ಪಂಚಕಜ್ಜಾಯದ ಪೊಟ್ಟಣ ಹಿಡಿದು ಜಗುಲಿಯ ಮೇಲೆ ಬಹಳ ಹೊತ್ತು ಕೂತರು. ಕೆರೆಮನೆಯವರ ಯಕ್ಷಗಾನ ಮೇಳ ಈ ದೇವರ ಹೆಸರಿನದೇ, 1934ರಲ್ಲಿ ಶುರುವಾದದ್ದು. ಅಪ್ಪ ಇದ್ದಾಗ ಶಂಭು ಹೆಗಡೆಯವರ ಆಟವನ್ನು ಬೆಳಗಿನವರೆಗೂ ಕೂತು ನೋಡಿದ್ದನ್ನು ಅಮ್ಮ ಮೊಮ್ಮಗಳಿಗೆ ಹೇಳಿದರು. ಅವಳು ಅಳು ಮರೆತು ಕೇಳಿದಳು. ಅಲ್ಲಿಂದ ಅಪ್ಸರಕೊಂಡ ಜಲಪಾತ. ಆಮೇಲೆ ಕಾಸರಕೋಡಿನ ಹತ್ತಿರ, ಶರಾವತಿ ಕಡಲು ಸೇರುವ ಕಡೆ, ಕಾಂಡ್ಲಾ ಕಾಡಿನೊಳಗೆ ಹಾಕಿರುವ ಮರದ ಹಾದಿಯಲ್ಲಿ ನಡೆದೆವು. ಕೆಸರಿನಲ್ಲಿ ಸಣ್ಣ ಏಡಿಗಳು. ಜೋಗದಿಂದ ಧುಮುಕಿದ ನದಿ ಇಲ್ಲಿ ಸದ್ದೇ ಇಲ್ಲದೆ ಹರಿಯುತ್ತದೆ. ಜೋಗ ನೋಡದಿದ್ದರೇನು, ಅದರ ನೀರಿನ ಹತ್ತಿರವೇ ಇದ್ದೇವಲ್ಲ ಎಂದರು ಮನೆಯವರು.

ಭಾನುವಾರ ಕಡಲು ತಟ್ಟೆಯ ಹಾಗೆ ಇತ್ತು. ಎರಡು ಇಡ್ಲಿ ತಿಂದು ಹೊರಟೆವು. ಹೊಟ್ಟೆ ತುಂಬ ತಿಂದರೂ ಕಷ್ಟ, ಖಾಲಿ ಇದ್ದರೂ ಕಷ್ಟ. ಅಮ್ಮ ತೀರದಲ್ಲೇ ಉಳಿದರು. ಒಂದೂವರೆ ಗಂಟೆಯ ಹಾದಿ. ದೋಣಿಯಲ್ಲಿ ದಿಗಂತವನ್ನೇ ನೋಡುತ್ತಾ ಕೂತರೆ ಹೊಟ್ಟೆ ತೊಳಸುವುದಿಲ್ಲ, ಮೊಬೈಲ್ ನೋಡಿದವರಿಗೆಲ್ಲ ವಾಂತಿಯಾಯಿತು. ನೇತ್ರಾಣಿ ಮೊದಲು ಮೋಡದ ತುಂಡಿನ ಹಾಗೆ ಕಂಡಿತು. ಹತ್ತಿರ ಹೋದಂತೆ ಕಪ್ಪು ಬಂಡೆ, ಮೇಲೆ ಹಸಿರು, ಅದರ ಮೇಲೆ ಸುತ್ತುವ ಹದ್ದು.

ದೋಣಿಯ ಅಂಚಿನಲ್ಲಿ ಕೂತು ಹಿಂದಕ್ಕೆ ಬಿದ್ದೆ. ಹಗ್ಗ ಹಿಡಿದು ಒಂದೊಂದೇ ಅಡಿ ಇಳಿದೆ. ಮೂಗು ಹಿಡಿದು ಊದಿದೆ. ಮೂರು ಮೀಟರಿನಲ್ಲಿ ಎಡಗಿವಿ ತಡೆಯಿತು. ಅಂಗೈ ಅಲ್ಲಾಡಿಸಿ ಕಿವಿ ತೋರಿಸಿದೆ. ಹುಡುಗ ನನ್ನನ್ನು ಎರಡಡಿ ಮೇಲೆ ತಂದು, ಕಣ್ಣಲ್ಲೇ "ಅವಸರ ಇಲ್ಲ" ಎಂದ. ಮತ್ತೆ ಊದಿದೆ. ಟಪ್ ಎಂದು ಬಿಟ್ಟಿತು. ಆಮೇಲೆ ಕೆಳಗೆ ನೋಡಿದೆ.

ಬಂಡೆಯ ಮೇಲೆ ಹವಳ. ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ. ಒಂದು ಬಿರುಕಿನಿಂದ ಹಾವಿನ ಹಾಗಿರುವ ಮೊರೆ ಮೀನು ತಲೆ ಹೊರಗೆ ಹಾಕಿ ಬಾಯಿ ಆಡಿಸುತ್ತಿತ್ತು. ನೀರಿನೊಳಗೆ ಮೌನ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ. ನನ್ನದೇ ಉಸಿರಿನ ಗುಳುಗುಳು, ಅದರ ಹಿಂದೆ ಕಟಕಟ ಎಂಬ ಸಣ್ಣ ಸದ್ದು. ಗಿಳಿ ಮೀನು ಕೊಕ್ಕಿನಂಥ ಬಾಯಿಂದ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಸದ್ದು ಅದು. ಮಗಳು ಐದಾರು ಮೀಟರ್ ಆಚೆ, ಅವಳ ಗುರುವಿನ ಜೊತೆ ಇದ್ದಳು. ನನ್ನ ಕಡೆ ತಿರುಗಿ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಿದಳು. ನಾನೂ ತೋರಿಸಿದೆ. ಏನನ್ನೂ ಮುಟ್ಟಬಾರದು ಎಂದು ಹೇಳಿದ್ದರು. ಮುಟ್ಟುವ ಮನಸ್ಸೂ ಬರಲಿಲ್ಲ. ನಾವು ಇನ್ನೊಬ್ಬರ ಮನೆಗೆ ಹೋಗಿದ್ದೆವು.

ಸ್ವಲ್ಪ ಬಿಡುವು ಕೊಟ್ಟು ಎರಡನೇ ಸಲ ಇಳಿದೆವು. ಮನೆಯವರು ಮೇಲಿನಿಂದಲೇ ನಮ್ಮ ಗುಳ್ಳೆಗಳನ್ನು ನೋಡುತ್ತಾ ತೇಲಿದರಂತೆ. ಕೊನೆಗೆ ಮೇಲೆ ಬಂದಾಗ ಮಧ್ಯಾಹ್ನ 12. ಗಡಿಯಾರ ನೋಡಿ ಡೈರಿಯಲ್ಲಿ ಬರೆದುಕೊಂಡೆ. ಎರಡು ಸಲ ಇಳಿದಿದ್ದರಿಂದ 18 ಗಂಟೆ. ಅಂದರೆ ಸೋಮವಾರ ಬೆಳಿಗ್ಗೆ 6ರವರೆಗೆ ಘಟ್ಟದ ಕಡೆ ಮುಖ ಮಾಡುವ ಹಾಗಿಲ್ಲ. ದೋಣಿಯಲ್ಲಿದ್ದ ಇಬ್ಬರು ಹುಡುಗರು ಅವತ್ತೇ ಸಂಜೆ ಬೈಕಿನಲ್ಲಿ ಬೆಂಗಳೂರಿಗೆ ಹೊರಡುವವರಿದ್ದರು. ನಮ್ಮ ಗುರು ಅವರ ಪಕ್ಕ ಕೂತು ಅರ್ಧ ದಾರಿ ಬುದ್ಧಿ ಹೇಳಿದ. ನಾನೂ ಒಂದು ಮಾತು ಸೇರಿಸಿದೆ. "ಆಂಟಿ, ಹಾಗಾದ್ರೆ ನಾಳೆ ಮಧ್ಯಾಹ್ನ ಹೊರಡ್ತೀವಿ" ಎಂದರು. ಸಂಜೆ ಅವರು ಕಡಲ ತೀರದಲ್ಲಿ ಕ್ರಿಕೆಟ್ ಆಡುತ್ತಿದ್ದದ್ದು ನೋಡಿ ಖುಷಿಯಾಯಿತು.

ನಾವು ಆ ಸಂಜೆ ಬಂಗುಡೆ ಹುರಿದದ್ದು, ಸಿಗಡಿ ಸುಕ್ಕ ತಿಂದೆವು. ಸಿಗಡಿಗೆ ಅಲ್ಲಿ ಶೆಟ್ಲಿ ಎನ್ನುತ್ತಾರೆ. ಅಮ್ಮನಿಗೆ ಅನ್ನ ಸಾರು, ಮುರುಗಲು ಹಣ್ಣಿನ ಶರಬತ್ತು. ನೀರು ಜಾಸ್ತಿ ಕುಡಿಯಿರಿ ಎಂದು ಗುರು ಹೇಳಿದ್ದ. ಕುಡಿದೆವು, ಒಂಬತ್ತಕ್ಕೇ ಮಲಗಿದೆವು.

ಸೋಮವಾರ ಟ್ಯಾಕ್ಸಿಯಲ್ಲಿ ಕೊಲ್ಲೂರು. ಅಮ್ಮ ಹರಕೆ ತೀರಿಸಿದರು, ಸೌಪರ್ಣಿಕೆಯಲ್ಲಿ ಕಾಲು ತೊಳೆದರು. ದೇವಸ್ಥಾನದಲ್ಲೇ ಊಟ. ಮುರುಡೇಶ್ವರಕ್ಕೆ ವಾಪಸ್ ಹೋಗುವ ಬದಲು, ರೈಲು ಹತ್ತುವ ನಿಲ್ದಾಣವನ್ನು ಮೊದಲೇ ಬೈಂದೂರಿಗೆ ಬದಲಾಯಿಸಿಟ್ಟಿದ್ದೆ. ಆ ನಿಲ್ದಾಣದ ಹೆಸರೇ ಮೂಕಾಂಬಿಕಾ ರೋಡ್ ಬೈಂದೂರು. ಅದರಿಂದ ಅಮ್ಮನಿಗೆ ಎರಡು ಗಂಟೆಯ ಸುಸ್ತು ಉಳಿಯಿತು.

ಮಧ್ಯರಾತ್ರಿ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡಿನಲ್ಲಿ ಗಾಡಿ ನಿಂತಾಗ ನನಗೆ ಎಚ್ಚರವಾಯಿತು. ಇಲ್ಲಿಂದಲೇ ಘಟ್ಟ ಶುರು. ಬೆರಳಲ್ಲಿ ಎಣಿಸಿದೆ. ನೀರಿನಿಂದ ಎದ್ದು 36 ಗಂಟೆ ದಾಟಿತ್ತು. ಗಾಡಿ ನಿಧಾನಕ್ಕೆ ಏರತೊಡಗಿತು, ಒಂದರ ಹಿಂದೆ ಒಂದು ಸುರಂಗ. ಕಿವಿ ಗಂ ಎಂದಿತು. ಮೇಲಿನ ಬರ್ತಿನಿಂದ ಮಗಳ ದನಿ ಬಂತು.

"ಅಮ್ಮ, ಎಚ್ಚರ ಇದ್ದೀಯಾ? ಕೋರ್ಸಿಗೆ ಎಷ್ಟು ದಿನ ಅಂದ್ರು?"

"ನಾಲ್ಕು" ಎಂದೆ. "ಅದಕ್ಕೆ ಒಂದು ಸೇರಿಸ್ಕೋ. ವಾಪಸ್ ಬರೋಕೆ."